ಇಳಿದ ಮೇಲಿನ ಕೆಲಸ: ದಾಬೋಳಿಯ ನೆಲದಿಂದ ಒಂದು ಚಿಕ್ಕ ಚಕ್ರದ ಚರಿತ್ರೆ

ವಿಮಾನದ ಗಾಲಿಗಳು ನೆಲ ಮುಟ್ಟಿದೊಡನೆ ಪ್ರಯಾಣಿಕನ ಪಾಲಿಗೆ ಪ್ರಯಾಣ ಮುಗಿದಂತೆಯೇ. ದಾಬೋಳಿಯಲ್ಲಿ ಇಳಿದವರಿಗೆಲ್ಲ ಪರಿಚಿತವಾದ ನೋಟವಿದು: ವಿಮಾನ ಇನ್ನೂ ನಿಲುಗಡೆಯತ್ತ ಉರುಳುತ್ತಿರುವಾಗಲೇ ಫೋನುಗಳು ಸದ್ದು ಮಾಡುತ್ತವೆ, ಸೊಂಟದ ಪಟ್ಟಿಗಳು ಕಳಚಿಕೊಳ್ಳುತ್ತವೆ, ‘ಇಳಿದೆವು’ ಎಂಬ ಸುದ್ದಿ ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ಏಕಕಾಲಕ್ಕೆ ಹೊರಡುತ್ತದೆ. ಆದರೆ ಮುಂಭಾಗದ ಮುಚ್ಚಿದ ಬಾಗಿಲಿನಾಚೆ ಕುಳಿತ ಇಬ್ಬರು ಪೈಲಟರ ಕೆಲಸ ಆಗ ಮುಗಿದಿರುವುದಿಲ್ಲ. ಇಳಿಯುವುದಕ್ಕಾಗಿ ತಾವು ಬದಲಿಸಿದ್ದೆಲ್ಲವನ್ನೂ ಅವರು ಒಂದೊಂದಾಗಿ ಮೊದಲಿನ ಸ್ಥಿತಿಗೆ ತರಬೇಕಾಗಿರುತ್ತದೆ. ಹೊರಚಾಚಿದ ಫ್ಲಾಪುಗಳು ಒಳಸೇರಬೇಕು, ರೆಕ್ಕೆಯ ಮೇಲೆದ್ದ ತಡೆಹಲಗೆಗಳು ಮಲಗಬೇಕು, ಪ್ರಖರವಾದ ದೀಪಗಳು ಆರಬೇಕು. ಇವುಗಳ ಸಾಲಿನಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಅಂಶವಿದೆ: ಟ್ರಿಮ್ ಅನ್ನು ಅದರ ನಿಯತ ಸ್ಥಾನಕ್ಕೆ ಮರಳಿಸುವುದು.

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ಇಂಥ ಯಂತ್ರವಿಚಾರಕ್ಕೇನು ಕೆಲಸವೆಂದು ಓದುಗರು ಕೇಳಬಹುದು. ಗೋವೆಯ ಕನ್ನಡಿಗರಾದ ನಮ್ಮಲ್ಲಿ ಅನೇಕರ ಬಾಳು ವಾಸ್ಕೊ, ಝುವಾರಿನಗರ, ಬೈನಾಗಳ ಸುತ್ತಮುತ್ತ ಸಾಗಿದೆ. ದಾಬೋಳಿಯ ವಿಮಾನಗಳ ಸದ್ದು ನಮ್ಮ ಮನೆಗಳ ದಿನಚರಿಯೊಳಗೇ ಸೇರಿಹೋಗಿದೆ. ತಲೆಯ ಮೇಲೆ ಹಾದುಹೋಗುವುದರ ಚರಿತ್ರೆಯನ್ನು ಒಮ್ಮೆಯಾದರೂ ತಿಳಿಯುವುದು ಉಚಿತವಲ್ಲವೇ? ಈ ಚಿಕ್ಕ ಕ್ರಿಯೆಯ ಚರಿತ್ರೆಯಲ್ಲಿ ಮನುಷ್ಯನ ಹೊಣೆಗಾರಿಕೆಯ ಒಂದು ದೊಡ್ಡ ಪಾಠವೂ ಅಡಗಿದೆ.

ನೊಗದ ಭಾರ, ಬಾಲದ ರೆಕ್ಕೆ

ಟ್ರಿಮ್ ಎಂದರೇನು? ವಿಜಯಪುರ, ಗದಗ, ಕೊಪ್ಪಳಗಳ ಕಡೆಯಿಂದ ಬಂದ ನಮ್ಮ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚಕ್ಕಡಿಗೆ ಜೋಳದ ಚೀಲ ಹೇರುವ ರೈತ ಭಾರವನ್ನು ಅಚ್ಚಿನ ಹಿಂದು ಮುಂದು ಸಮವಾಗಿ ಹಂಚುತ್ತಾನೆ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಸಮತೋಲ ಒದಗಿದಾಗ ಎತ್ತುಗಳು ಎಳೆಯುವುದಕ್ಕಷ್ಟೇ ಶ್ರಮಿಸುತ್ತವೆ, ಹೊರುವುದಕ್ಕಲ್ಲ.

ವಿಮಾನದಲ್ಲಿ ರೆಕ್ಕೆಯೇ ಅಚ್ಚು. ಪ್ರಯಾಣಿಕರು ಎಲ್ಲಿ ಕುಳಿತಿದ್ದಾರೆ, ಸಾಮಾನು ಎಲ್ಲಿದೆ, ಇಂಧನ ಎಷ್ಟು ಉರಿದಿದೆ ಎಂಬುದಕ್ಕೆ ತಕ್ಕಂತೆ ಅದರ ಮೂಗು ಬಾಗುತ್ತದೆ ಅಥವಾ ಏಳುತ್ತದೆ. ಚಕ್ಕಡಿಗಿಲ್ಲದ ಇನ್ನೊಂದು ತೊಡಕೂ ವಿಮಾನಕ್ಕಿದೆ: ವೇಗ ಬದಲಾದಂತೆ ಸಮತೋಲವೂ ಬದಲಾಗುತ್ತದೆ. ಇದನ್ನೆಲ್ಲ ಪೈಲಟ್ ತೋಳ್ಬಲದಿಂದಲೇ ತಡೆಹಿಡಿಯಬೇಕಾದರೆ ಅರ್ಧ ಗಂಟೆಯಲ್ಲಿ ಅವನ ಕೈ ಸೋಲುತ್ತದೆ. ಆದ್ದರಿಂದ ಬಾಲದಲ್ಲಿರುವ ಅಡ್ಡರೆಕ್ಕೆಯನ್ನೋ ಅದರ ಅಂಚಿನ ಚಿಕ್ಕ ಪಟ್ಟಿಯನ್ನೋ ತುಸುವೇ ಓರೆಮಾಡಿ, ವಿಮಾನ ತಾನಾಗಿಯೇ ಸಮವಾಗಿ ಸಾಗುವಂತೆ ಹೊಂದಿಸುತ್ತಾರೆ. ಇದೇ ಟ್ರಿಮ್. ಅನೇಕ ವಿಮಾನಗಳಲ್ಲಿ ಇದನ್ನು ನಡೆಸುವುದು ಪೈಲಟನ ಪಕ್ಕದ ಒಂದು ಚಕ್ರ. ದಿಕ್ಕು ತಿರುಗಿಸುವ ಚುಕ್ಕಾಣಿಗೂ ಇಂಥದೇ ಪ್ರತ್ಯೇಕ ಹೊಂದಿಕೆಯುಂಟು.

ಇಳಿಯುವಾಗ ವಿಮಾನದ ವೇಗ ಕುಗ್ಗಿರುತ್ತದೆ. ಮೂಗನ್ನು ಎತ್ತಿಹಿಡಿಯಲು ಟ್ರಿಮ್ ಅನ್ನು ಸಾಕಷ್ಟು ಮೇಲ್ಮುಖವಾಗಿ ತಿರುಗಿಸಬೇಕಾಗುತ್ತದೆ. ನೆಲ ಮುಟ್ಟಿದ ಮೇಲೂ ಅದು ಹಾಗೆಯೇ ನಿಂತಿರುತ್ತದೆ. ಅದನ್ನು ಹಾಗೆಯೇ ಮರೆತು ಮತ್ತೆ ಹಾರಲು ಹೊರಟರೆ ಮೂಗು ಹೊತ್ತಿಗೆ ಮುಂಚೆಯೇ, ಎಣಿಸಿದ್ದಕ್ಕಿಂತ ಬಿರುಸಾಗಿ ಮೇಲೇಳಬಹುದು. ಬಾಲ ನೆಲಕ್ಕೆ ತಾಗಬಹುದು. ಸಾಕಷ್ಟು ವೇಗವಿಲ್ಲದ ರೆಕ್ಕೆ ಗಾಳಿಯ ಆಸರೆ ಕಳೆದುಕೊಳ್ಳಬಹುದು. ವ್ಯಾಪಾರಿ ಒಂದು ತೂಕ ಮುಗಿದ ಮೇಲೆ ತಕ್ಕಡಿಯ ಮುಳ್ಳನ್ನು ನಡುವಿಗೆ ತಂದು ನಿಲ್ಲಿಸುವುದು ಮುಂದಿನ ಗಿರಾಕಿಗಾಗಿ. ಟ್ರಿಮ್ ಮರಳಿಸುವುದೂ ಅಂಥದೇ ಕ್ರಿಯೆ.

ನೆನಪನ್ನು ನಂಬದ ಪಟ್ಟಿ

ವಿಮಾನಯುಗದ ಆರಂಭದಲ್ಲಿ ಪೈಲಟರು ಹಿಡಿಕೆಯನ್ನು ಬಿಡದೆ ಹಿಡಿದೇ ಹಾರುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನ ಸಾಪ್‌ವಿತ್ ಒಂದೂವರೆ ಸ್ಟ್ರಟರ್‌ನಂಥ ವಿಮಾನಗಳಲ್ಲಿ, ಹಾರುತ್ತಿರುವಾಗಲೇ ಬಾಲದ ಅಡ್ಡರೆಕ್ಕೆಯ ಓರೆಯನ್ನು ಬದಲಿಸುವ ಏರ್ಪಾಡು ಬಂತು. ಅನಂತರ ಜರ್ಮನಿಯ ಆಂಟನ್ ಫ್ಲೆಟ್ನರ್ ಅವರ ಹೆಸರಿನಿಂದಲೇ ಗುರುತಿಸಲ್ಪಟ್ಟ ಚಿಕ್ಕ ಅಂಚುಪಟ್ಟಿಗಳು ಬಳಕೆಗೆ ಬಂದವು. ಪೈಲಟನ ತೋಳಿನ ಕೆಲಸವನ್ನು ಗಾಳಿಯೇ ಮಾಡಿಕೊಡುವಂತಾಯಿತು.

ಆದರೆ ಒಂದೊಂದು ಅನುಕೂಲವೂ ನೆನಪಿಡಬೇಕಾದ ಒಂದೊಂದು ಸಂಗತಿಯನ್ನು ಸೇರಿಸುತ್ತ ಹೋಯಿತು. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ‘ಮಾಡೆಲ್ 299’ ಎಂಬ ದೊಡ್ಡ ವಿಮಾನ ಪರೀಕ್ಷೆಗೆ ಹೊರಟಿತ್ತು. ನೆಲದ ಮೇಲೆ ನಿಂತಾಗ ಗಾಳಿಗೆ ಬಾಲದ ಹಲಗೆಗಳು ಬಡಿದಾಡದಂತೆ ಹಾಕುವ ಬೀಗವೊಂದಿತ್ತು. ಅದನ್ನು ತೆಗೆಯುವುದು ಮರೆತುಹೋಯಿತು. ವಿಮಾನ ಕಡಿದಾಗಿ ಮೇಲೆದ್ದು ಕೆಳಗೆ ಬಿತ್ತು. ಪ್ಲಾಯರ್ ಹಿಲ್ ಮತ್ತು ಲೆಸ್ಲಿ ಟವರ್ ಎಂಬ ಇಬ್ಬರು ನುರಿತ ಪೈಲಟರು ಅದರಿಂದಾಗಿ ಪ್ರಾಣ ಕಳೆದುಕೊಂಡರು. ಅನುಭವದ ಕೊರತೆ ಅವರಿಗಿರಲಿಲ್ಲ. ಒಬ್ಬ ಮನುಷ್ಯನ ನೆನಪು ಹೊರಬಲ್ಲದ್ದಕ್ಕಿಂತ ಹೆಚ್ಚಿನ ಸಂಗತಿಗಳು ಆ ಯಂತ್ರದಲ್ಲಿದ್ದವು. ಆ ದುರಂತದ ಬಳಿಕ ರೂಪುಗೊಂಡದ್ದೇ ಪೈಲಟರ ಚೆಕ್‌ಲಿಸ್ಟ್, ಅಂದರೆ ಓದಿ ನೋಡಿ ಉತ್ತರಿಸುವ ಪಟ್ಟಿ. ಹೊರಡುವ ಮುನ್ನ ಒಂದು, ಇಳಿಯುವ ಮುನ್ನ ಒಂದು, ಇಳಿದ ಮೇಲೆ ಇನ್ನೊಂದು.

ಇಳಿದ ಮೇಲಿನ ಪಟ್ಟಿಗೆ ತನ್ನದೇ ಆದ ಶಿಸ್ತಿದೆ. ವಿಮಾನ ಓಡುದಾರಿಯ ಮೇಲೆ ವೇಗದಿಂದ ಸಾಗುತ್ತಿರುವಾಗ ಅದನ್ನು ಆರಂಭಿಸುವಂತಿಲ್ಲ. ಅವಸರದಲ್ಲಿ ಫ್ಲಾಪಿನ ಹಿಡಿಕೆಯೆಂದು ಗಾಲಿಯ ಹಿಡಿಕೆಯನ್ನೇ ಎಳೆದು, ಚಿಕ್ಕ ವಿಮಾನಗಳನ್ನು ಹೊಟ್ಟೆಯ ಮೇಲೆ ಕೂರಿಸಿದ ಪ್ರಸಂಗಗಳು ವೈಮಾನಿಕ ಜಗತ್ತಿನಲ್ಲಿ ಹೊಸವಲ್ಲ. ಆದ್ದರಿಂದ ಮೊದಲು ಓಡುದಾರಿಯಿಂದ ಹೊರಬರಬೇಕು; ಅನಂತರವೇ ಕೈ ಗುಂಡಿಗಳತ್ತ ಹೋಗಬೇಕು. ಮುಗಿಸುವ ಆತುರವೇ ಮುಗಿಸುವ ಕೆಲಸದ ಶತ್ರುವೆಂಬ ಅರಿವು ಈ ನಿಯಮದ ಹಿಂದಿದೆ.

ದಾಬೋಳಿ: 700 ಮೀಟರುಗಳ ರಾತ್ರಿ

ಈ ವಿದ್ಯೆ ಗೋವೆಗೆ ಕಾಲಿಟ್ಟದ್ದು ಪೋರ್ಚುಗೀಸರ ಕೊನೆಯ ದಿನಗಳಲ್ಲಿ. ಭಾರತದ ಆರ್ಥಿಕ ದಿಗ್ಬಂಧನದ ಹಿನ್ನೆಲೆಯಲ್ಲಿ ಹೊರಜಗತ್ತಿನೊಡನೆ ಆಕಾಶಮಾರ್ಗದ ಸಂಪರ್ಕ ಅವರಿಗೆ ಅಗತ್ಯವಾಯಿತು. 1955ರಲ್ಲಿ ‘ಟ್ರಾನ್ಸ್‌ಪೋರ್ಟಿಸ್ ಏರಿಯೊಸ್ ದ ಇಂಡಿಯಾ ಪೋರ್ಚುಗೇಸಾ’, ಸಂಕ್ಷೇಪದಲ್ಲಿ ಟಿಎಐಪಿ, ಎಂಬ ವಿಮಾನ ಸಂಸ್ಥೆ ಹುಟ್ಟಿತು. ಗೋವೆ, ದಮನ್, ದೀವ್‌ಗಳನ್ನು ಅದು ಕರಾಚಿಯೊಂದಿಗೆ ಬೆಸೆಯಿತು. ಹೆರಾನ್, ವೈಕಿಂಗ್, ಡಿಸಿ-4 ಮುಂತಾದ ವಿಮಾನಗಳು ಆ ಸಂಸ್ಥೆಯಲ್ಲಿದ್ದವು. ಎಲ್ಲವೂ ಪಂಕದ ಯಂತ್ರಗಳು. ಅವುಗಳ ಟ್ರಿಮ್ ಪೈಲಟನ ಕೈಗೇ ಬಿಟ್ಟ ಕೆಲಸ.

1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆಯ 12 ಕ್ಯಾನ್‌ಬೆರಾ ವಿಮಾನಗಳು ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಅವರ ನೇತೃತ್ವದಲ್ಲಿ ದಾಬೋಳಿಯ ಓಡುದಾರಿಯ ಮೇಲೆ 63,000 ಪೌಂಡ್ ಬಾಂಬುಗಳನ್ನು ಸುರಿದವು. ವಿಂಗ್ ಕಮಾಂಡರ್ ಸುರಿಂದರ್ ಸಿಂಗ್ ಅವರ ಮುಂದಾಳುತನದಲ್ಲಿ 8 ಕ್ಯಾನ್‌ಬೆರಾಗಳು ಎರಡನೆಯ ದಾಳಿ ನಡೆಸಿದವು. ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದವು. ಆ ಹಂಟರುಗಳು ನೆಲೆ ನಿಂತಿದ್ದುದು ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಓಡುದಾರಿಯನ್ನು ಕೆಡಿಸಬೇಕು, ನಿಲ್ದಾಣದ ಕಟ್ಟಡಗಳನ್ನು ಉಳಿಸಬೇಕು ಎಂಬುದು ದಾಳಿಗೆ ಬಂದವರಿಗಿದ್ದ ಆದೇಶ. ನಾಳೆ ಈ ನೆಲವನ್ನು ಬಳಸುವವರು ನಾವೇ ಎಂಬ ದೂರದೃಷ್ಟಿ ಅದರಲ್ಲಿತ್ತು.

ಆ ರಾತ್ರಿ ದಾಬೋಳಿಯಲ್ಲಿ ಎರಡು ವಿಮಾನಗಳು ಉಳಿದಿದ್ದವು: ಪೋರ್ಚುಗಲ್ಲಿನ ಟಿಎಪಿ ಸಂಸ್ಥೆಯ ಒಂದು ಕಾನ್‌ಸ್ಟಲೇಶನ್, ಟಿಎಐಪಿಯ ಒಂದು ಡಿಸಿ-4. ಓಡುದಾರಿಯ ಒಂದು ಭಾಗವನ್ನು ಅವಸರದಿಂದ ಸರಿಪಡಿಸಿ, ಅಧಿಕಾರಿಗಳ ಕುಟುಂಬಗಳನ್ನು ಹತ್ತಿಸಿಕೊಂಡು, ಭಾರ ಇಳಿಸಲು ಹೆಚ್ಚಿನ ಆಸನಗಳನ್ನೂ ಬೇಡದ ಸಾಮಗ್ರಿಗಳನ್ನೂ ಹೊರಗೆಸೆದು ಅವು ಹಾರಿದವು. ಮೊದಲು ಹೊರಟದ್ದು ಮ್ಯಾನುಯೆಲ್ ಕೊರೆಯಾ ರೈಸ್ ನಡೆಸಿದ ಕಾನ್‌ಸ್ಟಲೇಶನ್. ಅದಕ್ಕೆ ಸಿಕ್ಕಿದ್ದು ಕೇವಲ 700 ಮೀಟರ್ ದೂರ. ಓಡುದಾರಿಯ ಕಲ್ಲುಚೂರುಗಳು ಸಿಡಿದು ಅದರ ಒಡಲಿನಲ್ಲಿ 25 ತೂತುಗಳಾದವು, ಒಂದು ಟೈರು ಒಡೆಯಿತು. ಟಿಎಐಪಿಯ ನಿರ್ದೇಶಕ ಮೇಜರ್ ಸೊಲಾನೊ ದ ಅಲ್ಮೇಡಾ ಡಿಸಿ-4 ಅನ್ನು ಹಾಗೆಯೇ ಏರಿಸಿದರು. ಕತ್ತಲಲ್ಲಿ, ಅತಿ ಕೆಳಮಟ್ಟದಲ್ಲಿ ಹಾರಿ ಎರಡೂ ಕರಾಚಿ ಸೇರಿದವು.

ಗೋವೆಯ ಬಿಡುಗಡೆಯನ್ನು ಹರ್ಷದಿಂದ ನೆನೆಯುವ ನಾವು ಎದುರು ಪಾಳೆಯದ ಪೈಲಟರ ಕೌಶಲವನ್ನು ಅಲ್ಲಗಳೆಯಬೇಕಾಗಿಲ್ಲ. ಆಸನಗಳು ಹೋಗಿ ಜನ ಬಂದಾಗ ವಿಮಾನದ ಭಾರ ಕೂಡುವ ಬಿಂದು ಸ್ಥಳ ಬದಲಿಸುತ್ತದೆ. ಹಿಂದಿನ ಹಾರಾಟದ ಟ್ರಿಮ್ ಲೆಕ್ಕಕ್ಕೆ ಬರುವುದಿಲ್ಲ. 700 ಮೀಟರಿನ ಓಡುದಾರಿಯಲ್ಲಿ ಹೊಂದಿಕೆಯ ತಪ್ಪಿಗೆ ಎರಡನೆಯ ಅವಕಾಶವೇ ಇಲ್ಲ. ನಿಲುಗಡೆಯಲ್ಲಿ ನಿಂತ ವಿಮಾನ ಯಾವ ಕ್ಷಣದಲ್ಲಿ, ಎಂಥ ಸಂಕಟದಲ್ಲಿ ಹೊರಡಬೇಕಾದೀತೆಂದು ಅದನ್ನು ಇಳಿಸಿದವನಿಗೆ ತಿಳಿದಿರುವುದಿಲ್ಲ. ಇಳಿದ ಮೇಲೆ ಎಲ್ಲವನ್ನೂ ಸ್ವಸ್ಥಾನಕ್ಕೆ ತರಬೇಕೆಂಬ ನಿಯಮದ ಅರ್ಥ ಇಂಥ ರಾತ್ರಿಗಳಲ್ಲಿ ಹೊಳೆಯುತ್ತದೆ.

ಹಂಸ ಮತ್ತು ಕಿರಣ

1962ರ ಏಪ್ರಿಲಿನಲ್ಲಿ ದಾಬೋಳಿ ನಮ್ಮ ನೌಕಾಪಡೆಯ ವಶಕ್ಕೆ ಬಂತು. 1961ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನಲ್ಲಿ ಆರಂಭವಾಗಿದ್ದ ನೌಕಾ ವಾಯುನೆಲೆ ‘ಐಎನ್‌ಎಸ್ ಹಂಸ’ 1964ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ವಿಕ್ರಾಂತ್ ನೌಕೆಯ ಸೀ ಹಾಕ್, ಅಲಿಜೆ ವಿಮಾನಗಳು, 1983ರಿಂದ ಸೀ ಹ್ಯಾರಿಯರುಗಳು ಇಲ್ಲಿಂದ ಹಾರಿದವು. ಕನ್ನಡಿಗರು ಹೆಮ್ಮೆಪಡುವ ಕೊಂಡಿಯೊಂದು ಇಲ್ಲಿದೆ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಹಾರಿಸಿತು. 1964ರಲ್ಲಿ ಕಿರಣ್ ಜೆಟ್ ವಿಮಾನವನ್ನು. ಬೆಂಗಳೂರಿನ ಕಿರಣ ದಾಬೋಳಿಯಲ್ಲಿ ನೌಕಾಪಡೆಯ ತರುಣ ಪೈಲಟರ ತರಬೇತಿಗೆ ಬಂತು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ 1993ರಲ್ಲಿ ಹಾರಿಸಿದ ಚಿಕ್ಕ ತರಬೇತಿ ವಿಮಾನದ ಹೆಸರೂ ‘ಹಂಸ’ ಎಂಬುದು ಸೊಗಸಾದ ಕಾಕತಾಳೀಯ. ಬೆಂಗಳೂರಿನಲ್ಲೇ ರೂಪುಗೊಂಡ ಹಗುರ ಯುದ್ಧವಿಮಾನದ ನೌಕಾ ಆವೃತ್ತಿ 2014ರ ಡಿಸೆಂಬರ್ 20ರಂದು ದಾಬೋಳಿಯ ಇಳಿಜಾರು ಕಟ್ಟೆಯಿಂದ ಮೊದಲ ಬಾರಿಗೆ ಜಿಗಿಯಿತು. 2019ರ ಸೆಪ್ಟೆಂಬರ್ 13ರಂದು ಇಲ್ಲಿಯೇ ತಂತಿ ಹಿಡಿದು ನಿಲ್ಲುವ ಪರೀಕ್ಷೆಯಲ್ಲಿ ಗೆದ್ದಿತು.

ತರಬೇತಿಯ ದಿನಗಳಲ್ಲಿ ಟ್ರಿಮ್ ಮರಳಿಸುವ ಪಾಠ ಅತಿ ತೀಕ್ಷ್ಣವಾಗಿ ಮನದಟ್ಟಾಗುತ್ತದೆ. ಕಲಿಯುವವರು ನೆಲ ಮುಟ್ಟಿ, ನಿಲ್ಲದೆ, ಮತ್ತೆ ಏರುವ ಅಭ್ಯಾಸವನ್ನು ಮೇಲಿಂದ ಮೇಲೆ ಮಾಡುತ್ತಾರೆ. ಆಗ ಇಳಿಯುವಿಕೆಗೂ ಏರುವಿಕೆಗೂ ನಡುವೆ ಸಿಗುವುದು ಕೆಲವೇ ಕ್ಷಣಗಳು. ಅಷ್ಟರಲ್ಲಿ ಫ್ಲಾಪ್, ಟ್ರಿಮ್, ಎಂಜಿನ್ನಿನ ಬಲ ಈ ಮೂರೂ ಹೊಸ ಹಾರಾಟಕ್ಕೆ ಸಜ್ಜಾಗಬೇಕು. ದೊಡ್ಡ ವಿಮಾನಗಳ ತರಬೇತಿಯಲ್ಲಿ ಈ ಹೊಂದಿಕೆಯನ್ನು ಪಕ್ಕದಲ್ಲಿ ಕುಳಿತ ಗುರುವೇ ಮಾಡುತ್ತಾನೆ. ಶಿಷ್ಯನ ಕಣ್ಣು ಹೊರಗಿನ ದಾರಿಯ ಮೇಲಿರಬೇಕು. ಬೆಂಗಳೂರಿನ ಜಕ್ಕೂರಿನಂಥ ಶಾಲೆಗಳಲ್ಲಿ ಚಿಕ್ಕ ಸೆಸ್ನಾ ವಿಮಾನಗಳಲ್ಲಿ ಕಲಿತವರಿಗೆ, ಇಳಿದು ಹೊರಬಂದ ಮೇಲೆ ಟ್ರಿಮ್ ಚಕ್ರವನ್ನು ಏರುವಿಕೆಯ ಗುರುತಿಗೆ ತಿರುಗಿಸುವುದು ಅಕ್ಷರಾಭ್ಯಾಸದಷ್ಟೇ ಮೊದಲಿನ ಪಾಠ.

ಯಾರೋ ತಿರುಗಿಸಿದ ಗುಂಡಿ

ಇಷ್ಟು ಚಿಕ್ಕ ಸಂಗತಿಯ ಹಿಂದೆ ಪ್ರಾಣದ ಪ್ರಶ್ನೆಯಿದೆಯೇ? ಇದೆ. 1989ರ ಸೆಪ್ಟೆಂಬರ್ 20ರ ರಾತ್ರಿ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಯುಎಸ್‌ಏರ್ ಸಂಸ್ಥೆಯ 5050ನೆಯ ಸಂಖ್ಯೆಯ ಬೋಯಿಂಗ್ 737 ವಿಮಾನ 63 ಜನರೊಂದಿಗೆ ಹೊರಟಿತು. ಅದರ ಚುಕ್ಕಾಣಿಯ ಟ್ರಿಮ್ ಪೂರ್ತಿ ಎಡಕ್ಕೆ ತಿರುಗಿಕೊಂಡಿತ್ತು. ವಿಮಾನ ನಿಲುಗಡೆಯಲ್ಲಿ ನಿಂತಿದ್ದಾಗಲೇ ಅದು ಹಾಗಾಗಿದ್ದಿರಬೇಕೆಂದು ತನಿಖೆ ಕಂಡಿತು. ಓಡುತ್ತಿದ್ದ ವಿಮಾನ ಎಡಕ್ಕೆ ವಾಲತೊಡಗಿತು; ಪೈಲಟರು ಏರುವುದನ್ನು ಕೈಬಿಟ್ಟರು; ನಿಲ್ಲಲು ದಾರಿ ಸಾಲದೆ ಅದು ಓಡುದಾರಿಯ ತುದಿಯಾಚೆಯ ನೀರಿಗಿಳಿದು ತುಂಡಾಯಿತು. ಇಬ್ಬರು ಪ್ರಯಾಣಿಕರು ಸತ್ತರು.

ಬಾಲದ ಅಡ್ಡರೆಕ್ಕೆಯ ಟ್ರಿಮ್ ತಪ್ಪಾಗಿದ್ದರೆ ಆ ವಿಮಾನದಲ್ಲಿ ಎಚ್ಚರಿಕೆಯ ಸದ್ದು ಮೊಳಗುತ್ತಿತ್ತು. ಚುಕ್ಕಾಣಿಯ ಟ್ರಿಮ್ಮಿಗೆ ಅಂಥ ಕಾವಲಿರಲಿಲ್ಲ. ಪಟ್ಟಿಯಲ್ಲಿ ಟ್ರಿಮ್ಮಿನ ಪ್ರಶ್ನೆಯಿತ್ತು. ಆದರೆ ಉತ್ತರ ಹೇಳುವ ಬಾಯಿಗೂ ನೋಡಬೇಕಾದ ಕಣ್ಣಿಗೂ ನಡುವೆ ಸಂಬಂಧ ಕಡಿದುಹೋಗಿತ್ತು. ಪಟ್ಟಿಯನ್ನು ಮಂತ್ರದಂತೆ ಪಠಿಸಿದರೆ ಸಾಲದು, ಅರ್ಥವರಿತು ಕೈಯಿಂದ ಮುಟ್ಟಿ ನೋಡಬೇಕು ಎಂಬುದನ್ನು ವೈಮಾನಿಕ ಜಗತ್ತು ಮತ್ತೊಮ್ಮೆ ಕಲಿಯಿತು.

ಯಂತ್ರ ನೆನಪಿಟ್ಟುಕೊಂಡಾಗ

ಅದೇ 1989ರಲ್ಲಿ ನಮ್ಮ ಇಂಡಿಯನ್ ಏರ್‌ಲೈನ್ಸಿಗೆ ಏರ್‌ಬಸ್ ಎ320 ವಿಮಾನಗಳು ಬಂದವು. ಇಂದು ಗೋವೆಗೆ ಬರುವ ವಿಮಾನಗಳಲ್ಲಿ ಆ ಕುಲದವು ಬಹಳ. ಅವುಗಳಲ್ಲಿ ಗಣಕಯಂತ್ರವೇ ಆಕಾಶದಲ್ಲಿ ಟ್ರಿಮ್ ಹೊಂದಿಸುತ್ತ ಹೋಗುತ್ತದೆ. ಇಳಿದು ನೆಲಕ್ಕೆ ಕೂತ ಮೇಲೆ ಬಾಲದ ಟ್ರಿಮ್ ಚಕ್ರ ಯಾರೂ ಮುಟ್ಟದೆ ತಾನಾಗಿ ಸೊನ್ನೆಗೆ ತಿರುಗುತ್ತದೆ. ಚುಕ್ಕಾಣಿಯ ಟ್ರಿಮ್ಮಿಗೂ ಒಂದೇ ಒತ್ತಿನಿಂದ ಸೊನ್ನೆಗೆ ತರುವ ಗುಂಡಿಯಿದೆ. ಹಾಗಾದರೆ ಮನುಷ್ಯನ ಕೆಲಸ ಮುಗಿಯಿತೇ? ಇಲ್ಲ. ಮುಂದಿನ ಹಾರಾಟಕ್ಕೆ ಎಂಜಿನ್ ಚಾಲೂ ಮಾಡಿದ ಮೇಲೆ, ಅಂದಿನ ಭಾರದ ಲೆಕ್ಕ ನೋಡಿ, ಪೈಲಟ್ ಬಾಲದ ಟ್ರಿಮ್ ಅನ್ನು ಹೊಂದಿಸಲೇಬೇಕು. ಚುಕ್ಕಾಣಿಯ ಟ್ರಿಮ್ ಸೊನ್ನೆಯಲ್ಲಿದೆಯೇ ಎಂದು ನೋಡಲೇಬೇಕು. ಯಂತ್ರ ನಿನ್ನೆಯದನ್ನು ಅಳಿಸಿಕೊಡಬಲ್ಲದು; ಇಂದಿನದನ್ನು ಮನುಷ್ಯನೇ ಬರೆಯಬೇಕು.

ಈ ಎಚ್ಚರ ಏಕೆ ಬೇಕೆಂಬುದಕ್ಕೆ ಕರ್ನಾಟಕದ ನೆಲದಲ್ಲೇ ಒಂದು ನೋವಿನ ಸಾಕ್ಷ್ಯವಿದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹೊಸ ಎ320 ಓಡುದಾರಿ ತಲಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಅಸುನೀಗಿದರು. ಅದು ಟ್ರಿಮ್ಮಿನ ತಪ್ಪಾಗಿರಲಿಲ್ಲ. ಎಂಜಿನ್ನುಗಳು ಕನಿಷ್ಠ ಬಲದಲ್ಲಿದ್ದವು, ವೇಗ ಕುಗ್ಗುತ್ತಿತ್ತು. ಯಂತ್ರ ಯಾವ ಸ್ಥಿತಿಯಲ್ಲಿದೆಯೆಂಬುದು ಹೊತ್ತಿಗೆ ಸರಿಯಾಗಿ ಮನುಷ್ಯರ ಗಮನಕ್ಕೆ ಬರಲಿಲ್ಲ. ಯಂತ್ರ ಹೆಚ್ಚು ಹೊಣೆ ಹೊತ್ತಷ್ಟೂ, ಅದು ಏನು ಮಾಡುತ್ತಿದೆಯೆಂದು ನೋಡುವ ಹೊಣೆ ಮನುಷ್ಯನಿಗೆ ಹೆಚ್ಚುತ್ತದೆ.

ಮುಂದಿನವರಿಗಾಗಿ

ಬೋಗ್ಮಾಲೊ ದಾರಿಯಲ್ಲಿ 1998ರಲ್ಲಿ ತೆರೆದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ನಮ್ಮ ಮಕ್ಕಳನ್ನು ಒಮ್ಮೆ ಕರೆದೊಯ್ಯಬೇಕು. ಅಲ್ಲಿ ನೌಕಾಪಡೆಯಲ್ಲಿ ದುಡಿದು ನಿವೃತ್ತವಾದ ಒಂದು ಸೂಪರ್ ಕಾನ್‌ಸ್ಟಲೇಶನ್ ನಿಂತಿದೆ. 1961ರ ಆ ರಾತ್ರಿ 700 ಮೀಟರಿನಲ್ಲಿ ಏರಿಹೋದ ವಿಮಾನದ ಕುಲದ್ದೇ ಅದು. ಮೂರು ಚುಕ್ಕಾಣಿಗಳ ಅದರ ಬಾಲದ ಅಂಚುಗಳನ್ನು ಮಕ್ಕಳಿಗೆ ತೋರಿಸಬೇಕು. ನೂರಾರು ಜನರ ಭಾರವನ್ನು ಅಷ್ಟು ಕಿರಿದಾದ ಪಟ್ಟಿಗಳು ಹದದಲ್ಲಿಟ್ಟಿದ್ದವೆಂದರೆ ಅವರು ಬೆರಗಾಗುತ್ತಾರೆ. 2023ರ ಜನವರಿ 5ರಿಂದ ಮೋಪಾದ ಹೊಸ ನಿಲ್ದಾಣದಲ್ಲಿಯೂ ವಿಮಾನಗಳು ಇಳಿಯುತ್ತಿವೆ. ನೆಲ ಬದಲಾಗಿದೆ, ಯಂತ್ರ ಬದಲಾಗಿದೆ. ಇಳಿದ ಮೇಲಿನ ಪಟ್ಟಿ ಉಳಿದಿದೆ.

ವಿಮಾನವನ್ನು ಇಳಿಸಿದ ಪೈಲಟನಿಗೂ ಅದನ್ನು ಮುಂದೆ ಏರಿಸುವವನಿಗೂ ಅನೇಕ ವೇಳೆ ಮುಖಪರಿಚಯವಿರುವುದಿಲ್ಲ. ತಾನು ಕಾಣದ, ತನಗೆ ಕೃತಜ್ಞತೆ ಹೇಳಲಾರದ ಒಬ್ಬನಿಗಾಗಿ ಅವನು ಯಂತ್ರವನ್ನು ಸಜ್ಜಾಗಿಡುತ್ತಾನೆ. ನಮ್ಮ ಸಂಘದ ಕೆಲಸವೂ ಇದಕ್ಕಿಂತ ಭಿನ್ನವಲ್ಲ. ಸಮಾವೇಶದ ಭಾಷಣಗಳು ಮುಗಿದು ಸಭಿಕರು ಮನೆಗೆ ಮರಳಿದ ಮೇಲೆ ಕುರ್ಚಿಗಳನ್ನು ಒಟ್ಟುವವರು, ಪುಸ್ತಕಗಳನ್ನು ಎಣಿಸಿ ಕಪಾಟಿಗೆ ಸೇರಿಸುವವರು, ಮುಂದಿನ ಕಾರ್ಯದರ್ಶಿಗೆ ತಿಳಿಯುವಂತೆ ಲೆಕ್ಕ ಬರೆದಿಡುವವರು ಕೆಲವರಿದ್ದಾರೆ. ಅವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ಹೊರನಾಡಿನಲ್ಲಿ ಕನ್ನಡದ ಮುಂದಿನ ಹಾರಾಟ ಸುಗಮವಾಗುವುದು ಅವರಿಂದ. ಈ ಬರಹ ಅವರಿಗೆ ಸಲ್ಲಲಿ.